ದುಡ್ಡು ಕೊಟ್ಟಾಗಿದೆ, ಕೀ ಒಳಗೇ ಇದೆ

ನಿಮ್ಮ ಲ್ಯಾಪ್‌ಟಾಪಿನ ಬಿಲ್ಲನ್ನು ಒಮ್ಮೆ ತೆಗೆದು ನೋಡಿ. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಎಸ್‌ಎಸ್‌ಡಿ ಎಷ್ಟು ಎಂದು ಬರೆದಿರುವ ಸಾಲಿನ ಕೊನೆಯಲ್ಲಿ ‘ವಿನ್ 11 ಹೋಮ್ ಎಸ್‌ಎಲ್’ ಎಂದೋ ಬರೀ ‘ಡಬ್ಲ್ಯೂ11’ ಎಂದೋ ಇರುತ್ತದೆ. ಅಂಗಡಿಯವರು ಅದನ್ನು ಓದಿ ಹೇಳುವುದಿಲ್ಲ, ಕೊಳ್ಳುವವರು ಕೇಳುವುದಿಲ್ಲ. ಆದರೆ ನೀವು ಎಣಿಸಿಕೊಟ್ಟ ದುಡ್ಡಿನಲ್ಲಿ ಒಂದು ಪಾಲು ಆ ನಾಲ್ಕು ಅಕ್ಷರಕ್ಕೇ ಸಂದಿದೆ. ವಿಂಡೋಸ್ ಬಳಸುವ ಹಕ್ಕನ್ನು ನೀವು ಕೊಂಡಿದ್ದೀರಿ. ಆ ಹಕ್ಕು ಎಲ್ಲಿದೆ, ಎಷ್ಟು ದಿನ ಇರುತ್ತದೆ, ಯಾವಾಗ ಕೈತಪ್ಪುತ್ತದೆ ಎಂಬುದು ಗೊತ್ತಿಲ್ಲದ ಕಾರಣಕ್ಕೆ ಜನ ಅದಕ್ಕೇ ಎರಡನೇ ಸಲ, ಮೂರನೇ ಸಲ ದುಡ್ಡು ಕೊಡುತ್ತಿದ್ದಾರೆ.

ತಿಪಟೂರಿನ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಕಂಪ್ಯೂಟರ್ ಸರ್ವಿಸ್ ಅಂಗಡಿ ಇದೆ. ಕೊಬ್ಬರಿ ಮಂಡಿಗಳ ಲೆಕ್ಕದ ಕಂಪ್ಯೂಟರು, ಸುತ್ತಲ ಹಳ್ಳಿಯ ಮೇಷ್ಟ್ರುಗಳ ಲ್ಯಾಪ್‌ಟಾಪು, ಕಾಲೇಜು ಮಕ್ಕಳು ತರುವ ಸೆಕೆಂಡ್‌ಹ್ಯಾಂಡ್ ಮಾಲು, ಇವೇ ನನ್ನ ಟೇಬಲ್ಲಿಗೆ ಬರುವುದು. ‘ಮೇಡಂ, ಕೆಳಗಡೆ ಆ್ಯಕ್ಟಿವೇಟ್ ವಿಂಡೋಸ್ ಅಂತ ಬರ್ತಿದೆ, ಒಂದು ಕೀ ಹಾಕ್ಕೊಡಿ, ಎಷ್ಟಾಗುತ್ತೆ?’ ಎಂದು ಕೇಳದವರೇ ಕಡಿಮೆ. ಹಾಗೆ ಕೇಳುವವರಲ್ಲಿ ಬಹಳಷ್ಟು ಜನರ ಯಂತ್ರದೊಳಗೆ ಅಸಲಿ ಕೀ ಸುಮ್ಮನೆ ಕೂತಿರುತ್ತದೆ. ಈ ಬರಹ ಅವರಿಗಾಗಿ.

ಇಪ್ಪತ್ತೈದು ಅಕ್ಷರ

ಪ್ರಾಡಕ್ಟ್ ಕೀ ಎಂದರೆ 25 ಅಕ್ಷರಗಳ ಸಾಲು. ಐದೈದರಂತೆ ಐದು ಗುಂಪು, ನಡುವೆ ಸಣ್ಣ ಗೀಟು. ಇಂಗ್ಲಿಷಿನ ಎಲ್ಲ ಅಕ್ಷರಗಳೂ ಇದರಲ್ಲಿ ಬರುವುದಿಲ್ಲ. ಎ, ಇ, ಐ, ಓ, ಯು ಎಂಬ ಐದೂ ಸ್ವರಗಳಿಲ್ಲ. ಸೊನ್ನೆ, ಒಂದು, ಐದು ಎಂಬ ಅಂಕಿಗಳಿಲ್ಲ. ಎಲ್, ಎಸ್, ಜಡ್ ಕೂಡ ಇಲ್ಲ. ಸೊನ್ನೆಗೂ ಓಗೂ, ಐದಕ್ಕೂ ಎಸ್‌ಗೂ ಗೊಂದಲವಾಗಬಾರದು ಎಂದು ಹಾಗೆ ಬಿಟ್ಟಿದ್ದಾರೆ. ವಿಂಡೋಸ್ 7ರವರೆಗಿನ ಕೀಗಳಲ್ಲಿ ಬಳಕೆಯಾದದ್ದು 24 ಚಿಹ್ನೆ ಮಾತ್ರ. ಇಷ್ಟರಿಂದಲೇ 25 ಜಾಗ ತುಂಬಿಸಿದರೆ ಮೂರರ ಮುಂದೆ 34 ಸೊನ್ನೆ ಹಾಕಿದಷ್ಟು ಬಗೆಯ ಸಾಲು ಮಾಡಬಹುದು. ಅದರಲ್ಲಿ ಅಸಲಿ ಕೀ ಆಗುವುದು ತೀರಾ ಸಣ್ಣ ಭಾಗ. ಬಾಯಿಗೆ ಬಂದ ಅಕ್ಷರ ಹೊಡೆದು ಕೀ ಹಿಡಿಯುವುದು ಆಗದ ಮಾತು.

ಮೊದಲು ಇಷ್ಟು ಬಿಗಿ ಇರಲಿಲ್ಲ. ವಿಂಡೋಸ್ 95ರಲ್ಲಿ, ಕಂಪ್ಯೂಟರಿನ ಜೊತೆಗೇ ಬರುತ್ತಿದ್ದ ಪ್ರತಿಗೆ ಬೇರೆಯೇ ನಮೂನೆಯ ಕೀ ಇತ್ತು. ಮೊದಲ ಮೂರು ಅಂಕಿ ವರ್ಷದ ಎಷ್ಟನೇ ದಿನ ಎಂಬುದು, ಮುಂದಿನ ಎರಡು ಅಂಕಿ ಇಸವಿ, ಆಮೇಲೆ ‘ಒಇಎಂ’ ಎಂಬ ಮೂರು ಅಕ್ಷರ, ಅದರ ಮುಂದೆ ಏಳು ಅಂಕಿ, ಕೊನೆಗೆ ಐದು ಅಂಕಿ. ಆ ಏಳು ಅಂಕಿಗಳನ್ನು ಕೂಡಿದರೆ ಬರುವ ಮೊತ್ತ ಏಳರಿಂದ ಭಾಗವಾಗಬೇಕು. ಹೆಚ್ಚುಕಡಿಮೆ ಅಷ್ಟೇ ಪರೀಕ್ಷೆ. ಕೂಡಲು ಬರುವ ಮಗುವೂ ಒಂದು ಕೀ ಕಟ್ಟಬಹುದಿತ್ತು. ಇಂಟರ್ನೆಟ್ ಮನೆಮನೆಯಲ್ಲಿ ಇಲ್ಲದ ಕಾಲವದು. ಯಂತ್ರ ತನ್ನಷ್ಟಕ್ಕೆ ಕೂಡಿ ನೋಡಿ ಸರಿ ಎನ್ನುತ್ತಿತ್ತು, ಬೇರೆ ಯಾರನ್ನೂ ಕೇಳುತ್ತಿರಲಿಲ್ಲ.

2001ರ ಅಕ್ಟೋಬರಿನಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಈ ಪದ್ಧತಿಯನ್ನೇ ಬದಲಿಸಿತು. ಅಂಗಡಿಯಿಂದ ಡಬ್ಬಿ ತಂದು ಹಾಕಿಕೊಂಡವರು ಕೀ ಕೊಟ್ಟರಷ್ಟೇ ಸಾಲದಾಯಿತು. ಯಂತ್ರದ ಭಾಗಗಳ ಗುರುತನ್ನು ಸೇರಿಸಿ ಮಾಡಿದ ಒಂದು ಸಂಖ್ಯೆಯನ್ನು 30 ದಿನದೊಳಗೆ ಇಂಟರ್ನೆಟ್ಟಿನಲ್ಲೋ ಫೋನಿನಲ್ಲೋ ಮೈಕ್ರೋಸಾಫ್ಟ್‌ಗೆ ಒಪ್ಪಿಸಬೇಕಾಯಿತು. ಈ ಕೀ ಈ ಯಂತ್ರಕ್ಕೆ ಎಂದು ಅವರ ಪುಸ್ತಕದಲ್ಲಿ ದಾಖಲಾಗುತ್ತದೆ. ಇದೇ ಆ್ಯಕ್ಟಿವೇಶನ್. ಒಂದೇ ಕೀಯನ್ನು ಊರೆಲ್ಲ ಹಂಚಿಕೊಳ್ಳುವುದಕ್ಕೆ ಅಂದಿನಿಂದ ತಡೆ ಬಿತ್ತು.

ದೊಡ್ಡ ಕಂಪನಿಗಳಿಗೆ ಮಾತ್ರ ಆ್ಯಕ್ಟಿವೇಶನ್ ಬೇಡದ ಒಂದು ಬಗೆಯ ಕೀ ಕೊಡುತ್ತಿದ್ದರು. ಅಂಥ ಒಂದು ಕೀ ಎಕ್ಸ್‌ಪಿ ಮಾರುಕಟ್ಟೆಗೆ ಬರುವ ಮೊದಲೇ ಸೋರಿ ಜಗತ್ತಿಗೆಲ್ಲ ಹರಡಿತು. ಮರುವರ್ಷ ಬಂದ ಮೊದಲ ಸರ್ವಿಸ್ ಪ್ಯಾಕ್ ಅದನ್ನು ತಡೆಹಿಡಿಯಿತು. ಸೋರಿದ ಕೀ ಇವತ್ತು ಓಡಿದರೂ ನಾಳೆ ಕಪ್ಪುಪಟ್ಟಿ ಸೇರಬಹುದು ಎಂಬುದು ಆಗಲೇ ಗೊತ್ತಾದ ಸತ್ಯ. ಈಗಲೂ ಅದು ಬದಲಾಗಿಲ್ಲ.

ಬೆನ್ನಿಗೆ ಅಂಟಿದ ಸ್ಟಿಕರ್

ಎಕ್ಸ್‌ಪಿ, ವಿಸ್ಟಾ, ವಿಂಡೋಸ್ 7ರ ಕಾಲದ ಲ್ಯಾಪ್‌ಟಾಪನ್ನು ಮಗುಚಿ ಹಾಕಿದರೆ ಹೊಳೆಯುವ ಅಂಚಿನ ಒಂದು ಚೀಟಿ ಕಾಣುತ್ತದೆ. ಅಸಲಿತನದ ಪ್ರಮಾಣಪತ್ರ ಅದು. 25 ಅಕ್ಷರದ ಕೀ ಅದರ ಮೇಲೇ ಅಚ್ಚಾಗಿರುತ್ತದೆ. ಈಗಲೂ ನನ್ನ ಟೇಬಲ್ಲಿಗೆ ಅಂಥವು ಬರುತ್ತವೆ. ತೊಡೆಯ ಮೇಲಿಟ್ಟು ವರ್ಷಗಟ್ಟಲೆ ಬಳಸಿದ ಯಂತ್ರದಲ್ಲಿ ಆ ಚೀಟಿಯ ಅಂಚು ಎದ್ದು ನಾರಾಗಿರುತ್ತದೆ, ಬಿಸಿಗೂ ಬೆವರಿಗೂ ಶಾಯಿ ಉಜ್ಜಿಹೋಗಿರುತ್ತದೆ. ಭೂತಗನ್ನಡಿ ಹಿಡಿದು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಬಿಟ್ಟರೆ ಅಕ್ಷರದ ಕಪ್ಪು ಅಳಿಸಿದ್ದರೂ ಕೆಲವು ಸಲ ಕಾಗದದ ಮೇಲಿನ ಗುರುತು ಕಾಣುತ್ತದೆ. ಬಿಯೋ ಎಂಟೋ, ಜಿಯೋ ಆರೋ ಎಂದು ಎರಡೂ ಹಾಕಿ ನೋಡಬೇಕಾಗುತ್ತದೆ. ಕೀಯಲ್ಲಿ ಯಾವ ಅಕ್ಷರ ಬರುವುದೇ ಇಲ್ಲ ಎಂಬ ತಿಳಿವಳಿಕೆ ನನ್ನ ಕೈ ಹಿಡಿಯುವುದು ಇಲ್ಲೇ. ಸೊನ್ನೆಯಂತೆ ಕಂಡದ್ದು ಸೊನ್ನೆಯಾಗಿರಲಾರದು, ಡಿಯೋ ಕ್ಯೂವೋ ಆಗಿರಬೇಕು.

ಆ ಕಾಲದ ಒಂದು ಸಂಗತಿ ಅನೇಕರನ್ನು ಗಲಿಬಿಲಿ ಮಾಡಿದೆ. ವಿಂಡೋಸ್ 7 ಯಂತ್ರದಲ್ಲಿ ಕೀ ತೋರಿಸುವ ಸಣ್ಣ ತಂತ್ರಾಂಶ ಓಡಿಸಿದರೆ ಒಂದು ಕೀ ಬರುತ್ತದೆ, ಬೆನ್ನಿನ ಚೀಟಿಯಲ್ಲಿ ಇನ್ನೊಂದು ಇರುತ್ತದೆ. ನನಗೆ ಮೋಸವಾಗಿದೆಯೇ ಎಂದು ಜನ ಕೇಳುತ್ತಾರೆ. ಮೋಸವಿಲ್ಲ. ದೊಡ್ಡ ತಯಾರಕರು ಒಂದೊಂದು ಯಂತ್ರಕ್ಕೂ ಬೇರೆ ಬೇರೆ ಕೀ ಹೊಡೆಯುತ್ತ ಕೂರುವುದಿಲ್ಲ. ಆ ಬ್ರ್ಯಾಂಡಿನ, ಆ ಆವೃತ್ತಿಯ ಎಲ್ಲ ಯಂತ್ರಗಳಿಗೂ ಒಂದೇ ಕೀ ಹಾಕಿರುತ್ತಾರೆ. ಬಯಾಸ್ ಒಳಗೆ ತಯಾರಕರ ಗುರುತೊಂದು ಇರುತ್ತದೆ, ಡಿಸ್ಕಿನಲ್ಲಿ ಅದಕ್ಕೆ ಹೊಂದುವ ಪ್ರಮಾಣಪತ್ರದ ಕಡತವೊಂದು ಇರುತ್ತದೆ. ಕೀ, ಗುರುತು, ಕಡತ ಮೂರೂ ತಾಳೆಯಾದರೆ ಇಂಟರ್ನೆಟ್ ಇಲ್ಲದೆಯೇ ವಿಂಡೋಸ್ ಆ್ಯಕ್ಟಿವೇಟ್ ಆಗುತ್ತದೆ. ಬೆನ್ನಿನ ಚೀಟಿಯ ಕೀ ಮಾತ್ರ ಆ ಒಂದೇ ಯಂತ್ರದ್ದು. ಡಿಸ್ಕ್ ಕೆಟ್ಟು ಹೊಸದಾಗಿ ವಿಂಡೋಸ್ ಹಾಕಬೇಕಾದಾಗ ಬೇಕಾಗುತ್ತಿದ್ದದ್ದು ಅದು.

ಬೋರ್ಡಿಗಿಳಿದ ಕೀ

2012ರ ಅಕ್ಟೋಬರಿನಲ್ಲಿ ವಿಂಡೋಸ್ 8 ಬಂದಾಗ ಚೀಟಿಯ ಮೇಲಿನ ಕೀ ಮಾಯವಾಯಿತು. ಚೀಟಿ ಉಳಿಯಿತು, ಅದರ ಮೇಲೆ ಅಕ್ಷರಗಳಿರಲಿಲ್ಲ. ಕೀಯನ್ನು ಮದರ್‌ಬೋರ್ಡಿನ ಚಿಪ್ಪಿನೊಳಗೇ ಬರೆಯುವ ಕ್ರಮ ಶುರುವಾದದ್ದು ಆಗ. ಯಂತ್ರ ಆನ್ ಆದಾಗ ತನ್ನಲ್ಲಿ ಏನೇನಿದೆ ಎಂದು ಫರ್ಮ್‌ವೇರ್ ಕೆಲವು ಪಟ್ಟಿಗಳನ್ನು ಆಪರೇಟಿಂಗ್ ಸಿಸ್ಟಮ್‌ಗೆ ಒಪ್ಪಿಸುತ್ತದೆ. ಅದರಲ್ಲಿ ಎಂಎಸ್‌ಡಿಎಂ ಎಂಬ ಹೆಸರಿನ ಪಟ್ಟಿಯೊಂದಿದೆ. ಕೀ ಇರುವುದು ಅದರಲ್ಲಿ. ಪ್ರತಿ ಯಂತ್ರಕ್ಕೂ ಅದರದೇ ಆದ ಕೀ. ಕಾರ್ಖಾನೆಯಲ್ಲಿ ಅದನ್ನು ಬರೆಯುವಾಗಲೇ ಈ ಕೀ ಈ ಯಂತ್ರಕ್ಕೆ ಹೋಯಿತು ಎಂಬ ವರದಿ ಮೈಕ್ರೋಸಾಫ್ಟ್‌ಗೆ ಹೋಗಿರುತ್ತದೆ. ನೀವು ಮನೆಗೆ ತಂದು ಮೊದಲ ಸಲ ಇಂಟರ್ನೆಟ್‌ಗೆ ಜೋಡಿಸಿದಾಗ ಎರಡು ಕಡೆಯ ಲೆಕ್ಕ ತಾಳೆಯಾಗಿ ಆ್ಯಕ್ಟಿವೇಶನ್ ತಾನೇ ಆಗಿಬಿಡುತ್ತದೆ.

ಇದರಿಂದ ಆದ ದೊಡ್ಡ ಉಪಕಾರವನ್ನು ಬಳಸುವವರು ತಿಳಿಯಬೇಕು. ಹಾರ್ಡ್‌ಡಿಸ್ಕ್ ಸತ್ತುಹೋದರೂ ಕೀ ಸಾಯುವುದಿಲ್ಲ. ಹೊಸ ಎಸ್‌ಎಸ್‌ಡಿ ಹಾಕಿ, ಮೈಕ್ರೋಸಾಫ್ಟ್ ತಾಣದಿಂದ ಬಿಟ್ಟಿಯಾಗಿ ಸಿಗುವ ಇನ್‌ಸ್ಟಾಲೇಶನ್ ಕಡತವನ್ನು ಪೆನ್‌ಡ್ರೈವ್‌ಗೆ ಇಳಿಸಿ ಶುರು ಮಾಡಿದರೆ, ಅದು ಬೋರ್ಡಿನ ಕೀಯನ್ನು ತಾನೇ ಓದಿಕೊಂಡು ಸರಿಯಾದ ಆವೃತ್ತಿಯನ್ನು ತಾನೇ ಆರಿಸುತ್ತದೆ. ಎಲ್ಲೂ ಕೀ ಕೇಳುವುದಿಲ್ಲ. ವೈಫೈ ಸಿಕ್ಕ ಕೂಡಲೇ ಆ್ಯಕ್ಟಿವೇಟ್ ಆಗುತ್ತದೆ. ಹಾಗಿರುವಾಗ ‘ಫಾರ್ಮ್ಯಾಟ್‌ಗೆ ಇಷ್ಟು, ವಿಂಡೋಸ್ ಕೀಗೆ ಬೇರೆ ಇಷ್ಟು’ ಎಂದು ಯಾರಾದರೂ ಹೇಳಿದರೆ ಆ ಎರಡನೇ ದುಡ್ಡು ಯಾವುದಕ್ಕೆ ಎಂದು ಕೇಳುವ ಹಕ್ಕು ನಿಮಗಿದೆ.

2015ರ ಜುಲೈನಲ್ಲಿ ಬಂದ ವಿಂಡೋಸ್ 10 ಇನ್ನೊಂದು ಬಗೆಯನ್ನು ತಂದಿತು. ವಿಂಡೋಸ್ 7, 8.1 ಇದ್ದವರಿಗೆ ಒಂದು ವರ್ಷ ಬಿಟ್ಟಿಯಾಗಿ ಮೇಲ್ದರ್ಜೆಗೇರಲು ಅವಕಾಶವಿತ್ತು. ಹಾಗೆ ಏರಿದವರಿಗೆ ಹೊಸ ಕೀ ಕೊಡಲಿಲ್ಲ. ಈ ಯಂತ್ರಕ್ಕೆ ಹಕ್ಕುಂಟು ಎಂದು ಮೈಕ್ರೋಸಾಫ್ಟ್ ಸರ್ವರಿನಲ್ಲೇ ಬರೆದುಕೊಂಡರು. ಇದೇ ಡಿಜಿಟಲ್ ಲೈಸೆನ್ಸ್. ಅಂಥ ಯಂತ್ರದಲ್ಲಿ ಕೀ ನೋಡಿದರೆ ಹೋಮ್ ಆವೃತ್ತಿಗೆ ಕೊನೆಯ ಐದು ಅಕ್ಷರ 8ಎಚ್‌ವಿಎಕ್ಸ್7, ಪ್ರೊ ಆವೃತ್ತಿಗೆ 3ವಿ66ಟಿ ಎಂದು ಬರುತ್ತದೆ. ಜಗತ್ತಿನ ಕೋಟ್ಯಂತರ ಯಂತ್ರಗಳಲ್ಲಿ ಇದೇ ಇದೆ. ಜಾಗ ತುಂಬಲು ಹಾಕಿದ ಸಾಮಾನ್ಯ ಕೀ ಅದು. ಅದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಏನೂ ಉಪಯೋಗವಿಲ್ಲ, ಬೇರೆ ಯಂತ್ರಕ್ಕೆ ಹಾಕಿದರೆ ಆ್ಯಕ್ಟಿವೇಟ್ ಆಗುವುದಿಲ್ಲ.

ಮಂಡಿಯ ಹಳೆಯ ಕಂಪ್ಯೂಟರಿನ ಚೀಟಿ ತೋರಿಸಿ, ಇದರಿಂದ ವಿಂಡೋಸ್ 10 ಹಾಕಿಕೊಡಿ ಎನ್ನುವವರಿಗೆ ಒಂದು ಮಾತು. ಬಿಟ್ಟಿ ಅವಕಾಶದ ಗಡುವು 2016ರಲ್ಲೇ ಮುಗಿದರೂ ಹಳೆಯ ಕೀ ವರ್ಷಗಟ್ಟಲೆ ನಡೆಯುತ್ತಿತ್ತು. 2023ರ ಸೆಪ್ಟೆಂಬರಿನಲ್ಲಿ ಮೈಕ್ರೋಸಾಫ್ಟ್ ಆ ದಾರಿ ಮುಚ್ಚಿತು. ಮೊದಲೇ ಏರಿ ಡಿಜಿಟಲ್ ಲೈಸೆನ್ಸ್ ಪಡೆದಿದ್ದ ಯಂತ್ರಕ್ಕೆ ಅದರಿಂದ ತೊಂದರೆಯಿಲ್ಲ.

ನಿಮ್ಮದು ಯಾವ ಬಗೆ

ವಿಂಡೋಸ್ ಲೈಸೆನ್ಸು ಮುಖ್ಯವಾಗಿ ಮೂರು ಬಗೆ. ಯಂತ್ರದ ಜೊತೆ ಬರುವುದು ಒಇಎಂ. ಅಂಗಡಿಯಲ್ಲೋ ಮೈಕ್ರೋಸಾಫ್ಟ್ ಬಳಿಯೋ ಬಿಡಿಯಾಗಿ ಕೊಳ್ಳುವುದು ರೀಟೇಲ್. ಕಂಪನಿ, ಕಾಲೇಜು, ಸರ್ಕಾರಿ ಕಚೇರಿಗಳು ಸಗಟಾಗಿ ಕೊಳ್ಳುವುದು ವಾಲ್ಯೂಮ್. ರೀಟೇಲ್ ಲೈಸೆನ್ಸನ್ನು ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಒಯ್ಯಬಹುದು. ಒಇಎಂ ಹಾಗಲ್ಲ. ಮನೆ ಕೊಂಡಾಗ ಹಿತ್ತಲ ಬಾವಿಯೂ ನಿಮ್ಮದಾಗುತ್ತದೆ. ಮನೆ ಮಾರಿ ಹೊರಡುವಾಗ ಬಾವಿಯನ್ನು ಕಿತ್ತು ಹೊಸ ಮನೆಗೆ ಒಯ್ಯಲಾಗದು. ಒಇಎಂ ಲೈಸೆನ್ಸು ಆ ಬಾವಿಯ ಹಾಗೆ. ಯಂತ್ರ ಮಾರಿದರೆ ಲೈಸೆನ್ಸು ಯಂತ್ರದ ಜೊತೆಗೇ ಹೋಗುತ್ತದೆ, ಕೊಂಡವರಿಗೆ ನ್ಯಾಯವಾಗಿ ಸಲ್ಲುತ್ತದೆ. ಬೆಲೆ ಕಡಿಮೆ ಬಿದ್ದಿರುವುದೂ ಈ ಕಟ್ಟಿನಿಂದಲೇ.

ನಿಮ್ಮದು ಯಾವುದು ಎಂದು ನೋಡಲು ಯಾರ ಹಂಗೂ ಬೇಡ. ಕೀಬೋರ್ಡಿನಲ್ಲಿ ವಿಂಡೋಸ್ ಗುಂಡಿ ಮತ್ತು ಆರ್ ಒಟ್ಟಿಗೆ ಒತ್ತಿ. ಬರುವ ಪುಟ್ಟ ಪೆಟ್ಟಿಗೆಯಲ್ಲಿ ಇಂಗ್ಲಿಷಿನ ಎಸ್, ಎಲ್, ಎಂ, ಜಿ, ಆರ್ ಎಂಬ ಐದು ಅಕ್ಷರ ಹೊಡೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ಡಿ, ಎಲ್, ಐ ಹೊಡೆದು ಎಂಟರ್ ಒತ್ತಿ. ಕೆಲವು ಕ್ಷಣದಲ್ಲಿ ಒಂದು ಕಿಟಕಿ ತೆರೆಯುತ್ತದೆ. ಅದರ ವಿವರಣೆಯ ಸಾಲಿನಲ್ಲಿ ‘ಒಇಎಂ ಡಿಎಂ’ ಎಂದಿದ್ದರೆ ಬೋರ್ಡಿನ ಕೀಯೇ ಓಡುತ್ತಿದೆ, ನಿಶ್ಚಿಂತೆಯಿಂದಿರಿ. ‘ರೀಟೇಲ್’ ಎಂದಿದ್ದರೆ ಬಿಡಿಯಾಗಿ ಕೊಂಡದ್ದೋ ಡಿಜಿಟಲ್ ಲೈಸೆನ್ಸೋ ಇರಬೇಕು. ನಿಮ್ಮ ಸ್ವಂತ ಲ್ಯಾಪ್‌ಟಾಪಿನಲ್ಲಿ ‘ವಾಲ್ಯೂಮ್ ಕೆಎಂಎಸ್ ಕ್ಲೈಂಟ್’ ಎಂದು ಬಂದರೆ ಎಚ್ಚರವಾಗಿ.

ಕೆಎಂಎಸ್ ಎಂಬುದು ದೊಡ್ಡ ಸಂಸ್ಥೆಗಳ ಏರ್ಪಾಡು. ಸಂಸ್ಥೆಯ ಒಳಗೇ ಒಂದು ಸರ್ವರ್ ಇರುತ್ತದೆ. ಅಲ್ಲಿನ ಕಂಪ್ಯೂಟರುಗಳು ಅದರಿಂದ 180 ದಿನಕ್ಕೆ ಅನುಮತಿ ಪಡೆದು, ವಾರಕ್ಕೊಮ್ಮೆ ನವೀಕರಿಸಿಕೊಳ್ಳುತ್ತವೆ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ಹಾಗಿದ್ದರೆ ಅದು ಸರಿಯಾದದ್ದೇ. ಮನೆಯ ಯಂತ್ರಕ್ಕೆ ಅಂಥ ಸರ್ವರ್ ಎಲ್ಲಿಂದ ಬರಬೇಕು? ಯಾರೋ ಕ್ರ್ಯಾಕ್ ಓಡಿಸಿ, ಯಂತ್ರದೊಳಗೆ ಸುಳ್ಳು ಸರ್ವರನ್ನು ಕೂರಿಸಿದ್ದಾರೆ ಎಂದರ್ಥ.

ಬಿ.ಕಾಂ. ಓದುವ ಹುಡುಗಿಯೊಬ್ಬಳು ಇಂಥದ್ದೇ ಒಂದನ್ನು ತಂದಿದ್ದಳು. ಯಾವುದೋ ಕಂಪನಿ ಬಳಸಿ ಬಿಟ್ಟ ಲ್ಯಾಪ್‌ಟಾಪು, ಬೆಂಗಳೂರಿನಲ್ಲಿ ಸೆಕೆಂಡ್‌ಹ್ಯಾಂಡ್ ಕೊಂಡದ್ದು. ಮಾರಿದವರು ‘ಒರಿಜಿನಲ್ ವಿಂಡೋಸ್ ಹಾಕಿದ್ದೀವಿ’ ಎಂದು ಐನೂರು ರೂಪಾಯಿ ಹೆಚ್ಚಿಗೆ ತೆಗೆದುಕೊಂಡಿದ್ದರು. ಕೆಲವು ತಿಂಗಳಿಗೆ ತೆರೆಯ ಬಲಮೂಲೆಯಲ್ಲಿ ಮಸುಕಾದ ಎರಡು ಸಾಲು ಬಂದು ಕೂತಿದ್ದವು. ನಾನು ಮೊದಲು ಆ ಪುಟ್ಟ ಕಿಟಕಿ ತೆರೆದು ತೋರಿಸಿದೆ: ವಾಲ್ಯೂಮ್ ಕೆಎಂಎಸ್ ಕ್ಲೈಂಟ್. ಆಮೇಲೆ ಪವರ್‌ಶೆಲ್ ತೆರೆದು, ಬೋರ್ಡಿನಲ್ಲಿ ಬರೆದ ಮೂಲ ಕೀ ಕೇಳುವ ಒಂದು ಸಾಲಿನ ಆದೇಶ ಕೊಟ್ಟೆ. ನೀಲಿ ತೆರೆಯ ಮೇಲೆ ಐದೈದರ ಐದು ಗುಂಪು ಬಂದವು. ಆಫೀಸು ಬಳಕೆಗೆಂದೇ ಮಾಡಿದ ಯಂತ್ರವಾದ್ದರಿಂದ ಅದರಲ್ಲಿ ಪ್ರೊ ಆವೃತ್ತಿಯ ಕೀಯೇ ಇತ್ತು. ಸೆಟ್ಟಿಂಗ್ಸ್, ಸಿಸ್ಟಮ್, ಆ್ಯಕ್ಟಿವೇಶನ್ ಎಂದು ಹೋಗಿ, ಕೀ ಬದಲಿಸುವ ಜಾಗದಲ್ಲಿ ಅದನ್ನು ಹಾಕಿದೆ. ಮೂಲೆಯ ಸಾಲುಗಳು ಹೋದವು.

‘ಹಾಗಾದ್ರೆ ಅವ್ರು ಐನೂರು ತಗೊಂಡಿದ್ದು ಯಾತಕ್ಕೆ ಅಕ್ಕಾ?’ ಎಂದಳು. ಅವಳ ಪ್ರಶ್ನೆ ನ್ಯಾಯವಾದದ್ದು. ಅಸಲಿ ಲೈಸೆನ್ಸ್ ಇರುವ ಯಂತ್ರಕ್ಕೆ ನಕಲಿ ಹಾಕಿ, ಅದಕ್ಕೆ ದುಡ್ಡನ್ನೂ ಪಡೆದಿದ್ದರು. ಕ್ರ್ಯಾಕ್ ಓಡಿದ ಯಂತ್ರವನ್ನು ನಂಬಿ ಬ್ಯಾಂಕ್ ಕೆಲಸ ಮಾಡಬಾರದು ಎಂದು ಅವಳ ಕಡತಗಳನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದು, ಪೂರ್ತಿ ಅಳಿಸಿ, ಹೊಸದಾಗಿ ವಿಂಡೋಸ್ ಹಾಕಿಕೊಟ್ಟೆ. ಆಗಲೂ ಅದು ಕೀ ಕೇಳಲಿಲ್ಲ.

ಹೋಮ್ ಯಂತ್ರಕ್ಕೆ ಪ್ರೊ ಹಾಕುವ ಚಾಳಿ

ಆ್ಯಕ್ಟಿವೇಶನ್ ಹೋಗುವುದಕ್ಕೆ ನಾನು ಹೆಚ್ಚಾಗಿ ಕಾಣುವ ಕಾರಣ ಆವೃತ್ತಿ ಬದಲಾಗಿರುವುದು. ಬೋರ್ಡಿನಲ್ಲಿ ಹೋಮ್ ಕೀ ಇರುತ್ತದೆ, ಫಾರ್ಮ್ಯಾಟ್ ಮಾಡಿದವರು ತಮ್ಮ ಪೆನ್‌ಡ್ರೈವಿನಲ್ಲಿದ್ದ ಪ್ರೊ ಹಾಕಿರುತ್ತಾರೆ. ಹೋಮ್ ಕೀ ಪ್ರೊವನ್ನು ಆ್ಯಕ್ಟಿವೇಟ್ ಮಾಡುವುದಿಲ್ಲ. ಆಗ ಕ್ರ್ಯಾಕ್ ಒಂದೇ ದಾರಿ ಎಂಬಂತೆ ಅದನ್ನೂ ಓಡಿಸಿಬಿಡುತ್ತಾರೆ. ಪ್ರೊದಲ್ಲಿ ಹೆಚ್ಚಿಗೆ ಇರುವುದು ಆಫೀಸಿನ ಜಾಲಕ್ಕೆ ಸೇರಿಸುವುದು, ದೂರದಿಂದ ಆ ಯಂತ್ರವನ್ನು ನಡೆಸುವುದು, ಡಿಸ್ಕಿನ ಬೀಗವನ್ನು ವಿವರವಾಗಿ ನಿರ್ವಹಿಸುವುದು ಇಂಥವು. ಪಾಠ ಟೈಪ್ ಮಾಡುವ ಮೇಷ್ಟ್ರಿಗೆ, ಆನ್‌ಲೈನ್ ಅರ್ಜಿ ಹಾಕುವ ಹುಡುಗರಿಗೆ ಹೋಮ್ ಧಾರಾಳವಾಗಿ ಸಾಕು.

ನಮ್ಮ ದೇಶದಲ್ಲಿ ಮಾರುವ ಬಹಳಷ್ಟು ಲ್ಯಾಪ್‌ಟಾಪಿನಲ್ಲಿ ಇರುವುದು ‘ಹೋಮ್ ಸಿಂಗಲ್ ಲಾಂಗ್ವೇಜ್’. ಬಿಲ್ಲಿನಲ್ಲಿರುವ ‘ಎಸ್‌ಎಲ್’ ಇದೇ. ಮೆನು, ಸಂದೇಶ, ಸೆಟ್ಟಿಂಗ್‌ಗಳು ಒಂದೇ ಭಾಷೆಯಲ್ಲಿರುತ್ತವೆ. ಇಂಗ್ಲಿಷಿನಲ್ಲಿ ಬಂದದ್ದನ್ನು ಆಮೇಲೆ ಬೇಕೆಂದಾಗ ಕನ್ನಡಕ್ಕೆ ತಿರುಗಿಸಲು ಇದು ಬಿಡುವುದಿಲ್ಲ. ಇದನ್ನು ಕೇಳಿ, ಹಾಗಾದರೆ ಇದರಲ್ಲಿ ಕನ್ನಡ ಬರುವುದಿಲ್ಲ ಎಂದು ಹೆದರಿಸುವವರಿದ್ದಾರೆ. ಆ ಮಾತು ತಪ್ಪು. ಕನ್ನಡ ಓದುವುದಕ್ಕೂ ಟೈಪ್ ಮಾಡುವುದಕ್ಕೂ ಯಾವ ಅಡ್ಡಿಯೂ ಇಲ್ಲ. ನಿರ್ಮಲಾ ಯುಐ ಎಂಬ ಯೂನಿಕೋಡ್ ಫಾಂಟು ವಿಂಡೋಸ್ ಜೊತೆಗೇ ಬರುತ್ತದೆ, ಭಾಷೆಯ ಸೆಟ್ಟಿಂಗ್‌ನಲ್ಲಿ ಕನ್ನಡ ಕೀಬೋರ್ಡ್ ಸೇರಿಸಿಕೊಳ್ಳಬಹುದು. ಕನ್ನಡಕ್ಕಾಗಿ ಪ್ರೊ ಹಾಕಿಸಬೇಕಾದ ಅಗತ್ಯ ಯಾರಿಗೂ ಇಲ್ಲ.

ಬೋರ್ಡ್ ಬದಲಾದರೆ

ರ‍್ಯಾಮ್ ಹೆಚ್ಚಿಸಿ, ಡಿಸ್ಕ್ ಬದಲಿಸಿ, ಬ್ಯಾಟರಿ ಹಾಕಿಸಿ, ಲೈಸೆನ್ಸಿಗೆ ಏನೂ ಆಗುವುದಿಲ್ಲ. ಮದರ್‌ಬೋರ್ಡ್ ಬದಲಾದರೆ ಮಾತ್ರ ಕತೆ ಬೇರೆ. ಕೀ ಇದ್ದದ್ದೇ ಹಳೆಯ ಬೋರ್ಡಿನಲ್ಲಿ. ಕೆಟ್ಟ ಬೋರ್ಡಿಗೆ ಬದಲಾಗಿ ತಯಾರಕರು ಅದೇ ಬಗೆಯ ಬೋರ್ಡ್ ಹಾಕಿಕೊಟ್ಟರೆ ಲೈಸೆನ್ಸ್ ಮುಂದುವರಿಯುತ್ತದೆ ಎಂದು ನಿಯಮವೇ ಹೇಳುತ್ತದೆ. ಆದ್ದರಿಂದ ಅಧಿಕೃತ ಸರ್ವಿಸ್ ಸೆಂಟರಿನಲ್ಲಿ ಬೋರ್ಡ್ ಬದಲಿಸಿದಾಗ, ಯಂತ್ರ ಕೈಗೆ ತೆಗೆದುಕೊಳ್ಳುವ ಮೊದಲು ಅಲ್ಲೇ ಆನ್ ಮಾಡಿಸಿ, ಆ್ಯಕ್ಟಿವೇಶನ್ ಪುಟ ತೆರೆಸಿ ನೋಡಿ. ಬಂದಿಲ್ಲದಿದ್ದರೆ ಅಲ್ಲೇ ಕೇಳಿ. ಮನೆಗೆ ಬಂದ ಮೇಲೆ ವಾದ ಮಾಡುವುದು ಕಷ್ಟ.

ಹೊರಗಿನ ರಿಪೇರಿಯಲ್ಲಿ ಬೇರೆ ಯಾವುದೋ ಯಂತ್ರದಿಂದ ಕಿತ್ತ ಬೋರ್ಡ್ ಹಾಕುವುದುಂಟು. ಬಯಾಸ್ ಚಿಪ್ಪನ್ನು ಖಾಲಿ ಕಡತದಿಂದ ಮತ್ತೆ ಬರೆಯುವುದೂ ಉಂಟು. ಆಗ ಎಂಎಸ್‌ಡಿಎಂ ಪಟ್ಟಿ ಅಳಿಸಿಹೋಗಬಹುದು. ಬಯಾಸ್‌ಗೆ ಕೈ ಹಾಕುವ ಮೊದಲು ಇರುವ ಕಡತವನ್ನು ಪ್ರತಿ ಮಾಡಿಟ್ಟುಕೊಳ್ಳುವುದು ನನ್ನ ಟೇಬಲ್ಲಿನ ಕಟ್ಟುನಿಟ್ಟಿನ ನಿಯಮ. ರಿಪೇರಿಗೆ ಕೊಡುವವರು ಅದನ್ನು ಕೇಳಿ ಪಡೆಯಬೇಕು.

ಮುನ್ನೂರು ರೂಪಾಯಿಯ ಕೀ, ಬಿಟ್ಟಿ ಕ್ರ್ಯಾಕ್

‘ಲೈಫ್‌ಟೈಮ್ ಕೀ’ ಎಂದು ಕೆಲವು ನೂರು ರೂಪಾಯಿಗೆ ಮಾರುವ ಜಾಹೀರಾತು ಎಲ್ಲರ ಮೊಬೈಲಿಗೂ ಬರುತ್ತವೆ. ಬಿಡಿಯಾಗಿ ಕೊಂಡರೆ ಸಾವಿರಾರು ರೂಪಾಯಿ ಇರುವ ಸರಕು ಆ ಬೆಲೆಗೆ ನ್ಯಾಯವಾಗಿ ಬರಲಾರದು. ಅವು ಸಾಮಾನ್ಯವಾಗಿ ಯಾವುದೋ ಸಂಸ್ಥೆಗೆ ಕೊಟ್ಟ ವಾಲ್ಯೂಮ್ ಕೀಯಿಂದ ಸೋರಿದ್ದು, ಇಲ್ಲವೇ ಹಳೆಯ ಯಂತ್ರಗಳಿಂದ ಕಿತ್ತದ್ದು. ಹಾಕಿದ ದಿನ ಹಸಿರು ಟಿಕ್ಕು ಬರಬಹುದು. ಆ್ಯಕ್ಟಿವೇಟ್ ಆಯಿತು ಎಂಬುದು ಬೇರೆ, ಲೈಸೆನ್ಸ್ ಇದೆ ಎಂಬುದು ಬೇರೆ. ಆ ಕೀಯನ್ನು ತಡೆಹಿಡಿದ ದಿನ ನಿಮ್ಮ ಕೈಯಲ್ಲಿ ಬಿಲ್ಲೂ ಇರುವುದಿಲ್ಲ, ಕೇಳಲು ಜನವೂ ಇರುವುದಿಲ್ಲ.

ಕ್ರ್ಯಾಕ್ ಇನ್ನೂ ಅಪಾಯ. ಅದು ಮೊದಲು ಕೇಳುವುದೇ ಆ್ಯಂಟಿವೈರಸ್ ಆಫ್ ಮಾಡಿ ಎಂದು. ಹೀಗೆ ಬಾಗಿಲು ತೆರೆಸಿಕೊಂಡು ಪಾಸ್‌ವರ್ಡು ಕದಿಯುವ ತಂತ್ರಾಂಶ ಒಳನುಗ್ಗಿದ ಉದಾಹರಣೆಗಳಿವೆ. ಹೆಸರಾದ ಕ್ರ್ಯಾಕೊಂದರ ವೇಷದಲ್ಲಿ ಕ್ರಿಪ್ಟ್‌ಬಾಟ್ ಎಂಬ ಕಳ್ಳ ತಂತ್ರಾಂಶ ಹರಡುತ್ತಿದೆ ಎಂದು 2021ರಲ್ಲಿ ಸೈಬರ್ ಭದ್ರತೆಯ ಕಂಪನಿಯೊಂದು ಬಯಲಿಗೆಳೆಯಿತು. ಕಾನೂನಿನ ಮಾತೂ ಇದೆ. 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ, ಕದ್ದ ಪ್ರತಿ ಎಂದು ಗೊತ್ತಿದ್ದೂ ಕಂಪ್ಯೂಟರ್ ತಂತ್ರಾಂಶ ಬಳಸಿದರೆ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆ, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡ. ವ್ಯಾಪಾರದ ಲಾಭಕ್ಕಾಗಿ ಬಳಸಿರದಿದ್ದರೆ ನ್ಯಾಯಾಲಯ ಸೆರೆ ಬಿಟ್ಟು 50,000ದವರೆಗಿನ ದಂಡಕ್ಕೆ ನಿಲ್ಲಿಸಬಹುದು. ಮಂಡಿ, ಪ್ರೆಸ್ಸು, ಜೆರಾಕ್ಸ್ ಅಂಗಡಿ ನಡೆಸುವವರಿಗೆ ಆ ರಿಯಾಯಿತಿ ದಕ್ಕದು.

ಲೈಸೆನ್ಸ್ ಇಲ್ಲದ ಯಂತ್ರಕ್ಕೆ ಪ್ರಾಮಾಣಿಕವಾದ ದಾರಿ ಇದೆ. ಬೆಲೆ ಕಡಿಮೆ ಎಂದು ಫ್ರೀಡಾಸ್ ಹಾಕಿದ ಲ್ಯಾಪ್‌ಟಾಪು ಕೊಂಡವರಿಗೆ ವಿಂಡೋಸ್ ಹಕ್ಕು ಬಂದಿರುವುದಿಲ್ಲ. ಕೊಳ್ಳುವಾಗಲೇ ಲೆಕ್ಕ ಹಾಕಿ, ಆಮೇಲೆ ವಿಂಡೋಸ್ ಬಿಡಿಯಾಗಿ ಕೊಳ್ಳುವುದಾದರೆ ಉಳಿದ ದುಡ್ಡು ಅಲ್ಲಿಗೇ ಹೋಗುತ್ತದೆ. ಉಬುಂಟು, ಲಿನಕ್ಸ್ ಮಿಂಟ್‌ಗಳಿಗೆ ಕೀಯ ಹಂಗೇ ಇಲ್ಲ, ಲಿಬ್ರೆ ಆಫೀಸ್‌ನಲ್ಲಿ ಕನ್ನಡ ಚೆನ್ನಾಗಿ ನಡೆಯುತ್ತದೆ. ಓದುವ ಮಕ್ಕಳಿಗೆ ನಾನು ಇವನ್ನೇ ಹಾಕಿಕೊಡುತ್ತೇನೆ. ಹಿಂದೆ ಹೀಗೆ ಆರಿಸುವ ಅವಕಾಶವೇ ಇಕ್ಕಟ್ಟಾಗಿತ್ತು. ತಯಾರಕರು ಮಾರುವ ಪ್ರತಿ ಕಂಪ್ಯೂಟರಿಗೂ, ಅದರಲ್ಲಿ ತನ್ನ ತಂತ್ರಾಂಶ ಇರಲಿ ಬಿಡಲಿ, ಮೈಕ್ರೋಸಾಫ್ಟ್‌ಗೆ ಶುಲ್ಕ ಕೊಡಬೇಕಾದ ಕರಾರುಗಳಿದ್ದವು. ಅಮೆರಿಕದ ನ್ಯಾಯ ಇಲಾಖೆ ಮೊಕದ್ದಮೆ ಹೂಡಿ, 1994ರ ರಾಜಿಯಲ್ಲಿ ಅಂಥ ಕರಾರನ್ನು ನಿಲ್ಲಿಸಿತು.

ಕಳೆದರೆ ಎಲ್ಲವೂ ಹೋಗುವ ಇನ್ನೊಂದು ಕೀ

ಈಗ ಎಲ್ಲಕ್ಕಿಂತ ಮುಖ್ಯವಾದ ಎಚ್ಚರಿಕೆ. ‘ಕೀ ಕೇಳ್ತಿದೆ ಮೇಡಂ’ ಎಂದು ತರುವ ಯಂತ್ರಗಳಲ್ಲಿ ಕೆಲವು ಕೇಳುತ್ತಿರುವುದು ಪ್ರಾಡಕ್ಟ್ ಕೀಯನ್ನೇ ಅಲ್ಲ. ನೀಲಿ ತೆರೆಯ ಮೇಲೆ ಬಿಟ್‌ಲಾಕರ್ ಎಂದು ಬರೆದು, 48 ಅಂಕಿ ಕೇಳುತ್ತಿದ್ದರೆ ಅದು ಡಿಸ್ಕಿನ ಬೀಗದ ಕೀ. ಆರಾರು ಅಂಕಿಯ ಎಂಟು ಗುಂಪು, ಅಕ್ಷರಗಳು ಇರುವುದಿಲ್ಲ. ಹೊಸ ಲ್ಯಾಪ್‌ಟಾಪುಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಈ ಬೀಗ ತಾನೇ ಬೀಳುತ್ತದೆ, ಕೀ ಅದೇ ಖಾತೆಯಲ್ಲಿ ಉಳಿಯುತ್ತದೆ. ಬಯಾಸ್ ಅಪ್‌ಡೇಟ್ ಆದಾಗ, ಬೋರ್ಡ್ ಬದಲಾದಾಗ ಅದು ಕೇಳುತ್ತದೆ. ಪ್ರಾಡಕ್ಟ್ ಕೀ ಕಳೆದರೆ ಹೋಗುವುದು ಹೆಚ್ಚೆಂದರೆ ಲೈಸೆನ್ಸು. ಈ ಕೀ ಕಳೆದರೆ ಮಕ್ಕಳ ಫೋಟೋದಿಂದ ಮಂಡಿಯ ಲೆಕ್ಕದವರೆಗೆ ಎಲ್ಲವೂ ಹೋಗುತ್ತದೆ. ತೆರೆದುಕೊಡುತ್ತೇವೆ ಎನ್ನುವ ಯಾರಿಗೂ ತೆರೆಯಲಾಗದು. ಅಂಗಡಿಯವರು ಲ್ಯಾಪ್‌ಟಾಪು ಸಿದ್ಧ ಮಾಡಿಕೊಡುವಾಗ ತಮ್ಮದೋ ಮತ್ತಾರದೋ ಖಾತೆಯಿಂದ ಲಾಗಿನ್ ಮಾಡಿದ್ದರೆ ಆ ಕೀ ಅವರ ಖಾತೆಯಲ್ಲಿ ಕೂತಿರುತ್ತದೆ. ಯಂತ್ರ ಮನೆಗೆ ಬಂದ ದಿನವೇ ನಿಮ್ಮ ಸ್ವಂತ ಖಾತೆ ಹಾಕಿ, ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು ಬಿಲ್ಲಿನ ಜೊತೆ ಇಡಿ. ವಿಂಡೋಸ್ ಲೈಸೆನ್ಸೂ ಆ ಖಾತೆಗೆ ಸೇರಿಕೊಂಡಿದ್ದರೆ ಮುಂದೆ ಯಂತ್ರದ ಭಾಗ ಬದಲಾದಾಗ ಹಕ್ಕು ಕೇಳಲು ಅನುಕೂಲ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದ ಮೇಲೆ ‘ಲೈಸೆನ್ಸ್ ಎಕ್ಸ್‌ಪೈರ್ ಆಗಿದೆ, ಹೊಸ ಕೀ ಬೇಕು’ ಎಂಬ ಮಾತು ಹಬ್ಬಿದೆ. ಮುಗಿದದ್ದು ಸುರಕ್ಷತೆಯ ಅಪ್‌ಡೇಟುಗಳ ಸಾಮಾನ್ಯ ಅವಧಿ. ಲೈಸೆನ್ಸಿಗೆ ಕೊನೆಯ ದಿನಾಂಕವಿಲ್ಲ. ಯಂತ್ರಕ್ಕೆ ವಿಂಡೋಸ್ 11 ನಡೆಸುವ ಅರ್ಹತೆ ಇದ್ದರೆ, ಅಂದರೆ ಟಿಪಿಎಂ 2.0 ಎಂಬ ಸುರಕ್ಷತಾ ಭಾಗ ಮತ್ತು ಮೈಕ್ರೋಸಾಫ್ಟ್ ಒಪ್ಪಿದ ಪ್ರೊಸೆಸರ್ ಇದ್ದರೆ, ಅದೇ ಲೈಸೆನ್ಸಿನ ಮೇಲೆ ಬಿಟ್ಟಿಯಾಗಿ ಏರಬಹುದು. ಹೊಸ ಕೀ ಬೇಡ.

ಇಷ್ಟನ್ನು ಬರೆಯಲು ಕಾರಣ ನನ್ನ ಕಸುಬಿನ ಮೇಲಿನ ಅಭಿಮಾನ. ಫಾರ್ಮ್ಯಾಟ್‌ಗೆ ಕೂರುವ ಮೊದಲು ಬೋರ್ಡಿನಲ್ಲಿ ಏನಿದೆ ಎಂದು ನೋಡುವುದು ಎರಡು ನಿಮಿಷದ ಕೆಲಸ. ಅದನ್ನು ಮಾಡದೆ ಕ್ರ್ಯಾಕ್ ಓಡಿಸಿದರೆ, ಬಡ ಹುಡುಗಿಯೊಬ್ಬಳು ದುಡ್ಡು ಕೊಟ್ಟು ಪಡೆದ ಅಸಲಿ ವಸ್ತುವನ್ನು ಕಿತ್ತು ಕದ್ದ ಮಾಲನ್ನು ಕೈಗಿಟ್ಟಂತಾಗುತ್ತದೆ. ಸರ್ವಿಸ್ ಮಾಡುವ ನಾವೆಲ್ಲ ಇದನ್ನು ನಿಲ್ಲಿಸಬೇಕು. ಯಂತ್ರ ತರುವವರೂ ಮೂರು ಮಾತು ಕೇಳಬೇಕು: ಈಗ ಯಾವ ಆವೃತ್ತಿ ಇದೆ, ಯಾವ ಆವೃತ್ತಿ ಹಾಕುತ್ತೀರಿ, ಮುಗಿದ ಮೇಲೆ ಆ್ಯಕ್ಟಿವೇಶನ್ ಪುಟ ತೋರಿಸುತ್ತೀರಾ? ಈ ಮೂರಕ್ಕೂ ನೇರವಾಗಿ ಉತ್ತರ ಕೊಡುವವರ ಕೈಗೆ ಮಾತ್ರ ನಿಮ್ಮ ಲ್ಯಾಪ್‌ಟಾಪನ್ನು ಕೊಡಿ.